ವ್ಯಾಪಾರಸಂಸ್ಥೆಗೆ ಅಂತಃಕರಣವುಂಟೆ?

೧

ತಪ್ಪು ಮಾಡಿದವನನ್ನು ತಪ್ಪಿಗೆ ಹೊಣೆಮಾಡುವುದು ಲೋಕದ ಹಳೆಯ ವಾಡಿಕೆ. ಕದ್ದವನಿಗೆ ದಂಡ, ಕೊಟ್ಟವನಿಗೆ ಕೀರ್ತಿ. ಪಾಪಪುಣ್ಯಗಳ ಲೆಕ್ಕವನ್ನು ಬರೆಯುವಾತನು ಯಾರೇ ಆಗಲಿ, ಆತನ ಖಾತೆಗಳೆಲ್ಲವೂ ಒಬ್ಬೊಬ್ಬ ಜೀವನ ಹೆಸರಿನಲ್ಲಿಯೇ ಇರತಕ್ಕವು. ಆದರೆ ಕೆಲವು ಶತಮಾನಗಳಿಂದೀಚೆಗೆ ಹೊಸತೊಂದು ಬಗೆಯ ಕರ್ತೃವು ಲೋಕದಲ್ಲಿ ತಲೆಯೆತ್ತಿ ನಿಂತಿದೆ. ಅದಕ್ಕೆ ಹೆಸರುಂಟು, ಆಸ್ತಿಯುಂಟು, ಸಾಲವುಂಟು. ಅದು ದಾವೆ ಹೂಡಬಲ್ಲುದು, ದಾವೆಗೆ ಗುರಿಯಾಗಬಲ್ಲುದು. ಕೊಳ್ಳಬಲ್ಲುದು, ಮಾರಬಲ್ಲುದು, ಕೊನೆಗೆ ತಾನೇ ಮಾರಾಟವಾಗಬಲ್ಲುದು. ಅದಕ್ಕೆ ಹಸಿವಿಲ್ಲ, ಮುಪ್ಪಿಲ್ಲ; ಹುಟ್ಟಿಸಿದವರೆಲ್ಲರೂ ಮಣ್ಣುಗೂಡಿದ ಮೇಲೂ ಅದು ಬಾಳುತ್ತದೆ. ಇದನ್ನೇ ನಾವು ಕಂಪೆನಿಯೆಂದು ಕರೆಯುವುದು. ಇಂಥ ಕೂಟಕ್ಕೆ ಒದೆಯಲು ದೇಹವೂ ಇಲ್ಲ, ನರಕಕ್ಕೆ ಹೋಗಲು ಆತ್ಮವೂ ಇಲ್ಲ, ಇದರಿಂದ ಧರ್ಮವನ್ನು ನಿರೀಕ್ಷಿಸುವುದು ಹೇಗೆ ಎಂಬ ಅರ್ಥದ ಮಾತನ್ನು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಮಹಾನ್ಯಾಯಾಧಿಕಾರಿಯಾಗಿದ್ದ ಥರ್ಲೋ ಪ್ರಭುವು ಆಡಿದನೆಂದು ಪ್ರತೀತಿ.

ಇಂದಿನ ಕಂಪೆನಿಗಳಾದರೋ ಬೇರೆ ಮಾತನ್ನಾಡುತ್ತವೆ. ತಮಗೆ ಧ್ಯೇಯವಿದೆ, ಸಮಾಜದ ಋಣವಿದೆ, ಇಂತಿಷ್ಟು ವರ್ಷಗಳೊಳಗೆ ಇಂತಿಷ್ಟು ಒಳಿತನ್ನು ಮಾಡುವ ಸಂಕಲ್ಪವಿದೆ ಎಂದು ಅವು ವರ್ಷವರ್ಷವೂ ಅಂದವಾದ ವರದಿಗಳನ್ನು ಅಚ್ಚುಮಾಡಿಸುತ್ತವೆ. ನಮ್ಮ ದೇಶದಲ್ಲಿಯೂ ೨೦೧೩ರ ಕಂಪೆನಿಗಳ ಕಾಯಿದೆಯು, ಒಂದು ಮಿತಿಗೆ ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ೨ ಪಾಲನ್ನು ಲೋಕಹಿತಕ್ಕಾಗಿ ವೆಚ್ಚಮಾಡಬೇಕೆಂದು ವಿಧಿಸಿದೆ. ಆತ್ಮವಿಲ್ಲದ್ದಕ್ಕೆ ಧರ್ಮವನ್ನು ವಿಧಿಸಬಹುದೆ? ವಿಧಿಸಿದರೆ ಅದು ಧರ್ಮವಾಗುವುದೆ, ಕಂದಾಯವಾಗುವುದೆ?

ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳಿವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ ೧೯೭೦ರಲ್ಲಿ ಪ್ರಸಿದ್ಧವಾಗಿ ಮಂಡಿಸಿದ ಉತ್ತರವು ಮೊದಲನೆಯದು. ಕಾನೂನನ್ನು ಮೀರದೆ, ಮೋಸಮಾಡದೆ, ಲಾಭ ಗಳಿಸುವುದೊಂದೇ ವ್ಯಾಪಾರಸಂಸ್ಥೆಯ ಕರ್ತವ್ಯ. ದಾನಮಾಡುವ ಕಾರ್ಯನಿರ್ವಾಹಕನು ತನ್ನ ಹಣವನ್ನಲ್ಲ, ಪಾಲುಗಾರರ ಹಣವನ್ನು ದಾನಮಾಡುತ್ತಾನೆ ಎಂಬುದು ಅದರ ತಿರುಳು. ಎರಡನೆಯದು, ಕಂಪೆನಿಯೂ ಒಬ್ಬ ಪೌರನಿದ್ದಂತೆ, ಪೌರನಿಗಿರುವ ನೀತಿಯೆಲ್ಲವೂ ಅದಕ್ಕೂ ಇರಬೇಕು ಎಂಬುದು. ಈ ಎರಡು ಪಕ್ಷಗಳ ನಡುವಣ ವಾದವು ತರ್ಕದಿಂದ ಮಾತ್ರವೇ ತೀರುವಂತೆ ತೋರುವುದಿಲ್ಲ. ಆದಕಾರಣ ಒಂದು ದೃಷ್ಟಾಂತವನ್ನು ಆದಿಯಿಂದ ಅಂತ್ಯದವರೆಗೆ ನೋಡುವುದು ಲೇಸು. ಧರ್ಮಕ್ಕಾಗಿ ಹೆಸರಾದ ಒಂದು ತಿನಿಸಿನ ಕಂಪೆನಿ, ಅದರ ಬೆಳವಣಿಗೆ, ಅದರ ಮಾರಾಟ, ಇವುಗಳನ್ನು ನೋಡಿದರೆ ಅಂತಃಕರಣವು ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂಬುದು ತಾನಾಗಿ ತಿಳಿದೀತು. ಚಾಕೊಲೇಟಿನ ಹೆಸರಾಗಿ ನಮ್ಮ ಮಕ್ಕಳ ಬಾಯಲ್ಲಿಯೂ ಇರುವ ಕ್ಯಾಡ್ಬರಿಯನ್ನೇ ಇದಕ್ಕಾಗಿ ಆರಿಸಿಕೊಳ್ಳೋಣ.

೨

೧೮೨೪ರಲ್ಲಿ ಜಾನ್ ಕ್ಯಾಡ್ಬರಿ ಎಂಬಾತನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬುಲ್ ಬೀದಿಯಲ್ಲಿ ಚಹ, ಕಾಫಿ, ಕೋಕೋಗಳ ಅಂಗಡಿಯನ್ನು ತೆರೆದನು. ಆತನು ಕ್ವೇಕರ್ ಎಂಬ ಕ್ರೈಸ್ತಪಂಥಕ್ಕೆ ಸೇರಿದವನು. ಹದಿನೇಳನೆಯ ಶತಮಾನದಲ್ಲಿ ಹುಟ್ಟಿದ ಈ ಪಂಥದವರು ಪುರೋಹಿತರನ್ನು ಒಪ್ಪರು. ಮೌನವಾಗಿ ಕುಳಿತು ಪ್ರಾರ್ಥಿಸುವರು. ಆಣೆಯಿಡರು, ಆಯುಧ ಹಿಡಿಯರು, ದೊರೆಯ ಮುಂದೆಯೂ ತಲೆಯ ಮೇಲಿನ ಟೋಪಿಯನ್ನು ತೆಗೆಯರು. ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾಪೀಠಗಳ ಬಾಗಿಲು ೧೮೭೧ರ ಕಾಯಿದೆಯಾಗುವವರೆಗೆ ಇಂಥವರಿಗೆ ಪೂರ್ಣವಾಗಿ ತೆರೆಯಲಿಲ್ಲ. ಪಾಂಡಿತ್ಯದ ವೃತ್ತಿ, ಸೈನ್ಯ, ಧರ್ಮಪೀಠ ಇವೆಲ್ಲವೂ ಮುಚ್ಚಿದ್ದ ಜನಕ್ಕೆ ಉಳಿದ ದಾರಿ ವ್ಯಾಪಾರವೊಂದೇ. ಅದರಲ್ಲಿಯೂ ಅವರು ತಮ್ಮ ನೇಮವನ್ನು ಬಿಡಲಿಲ್ಲ. ಚೌಕಾಸಿಯು ಒಂದು ಬಗೆಯ ಸುಳ್ಳೆಂದು ಎಣಿಸಿ, ಒಂದೇ ಬೆಲೆಯನ್ನು ಹೇಳಿ ಅದೇ ಬೆಲೆಗೆ ಮಾರಿದರು. ಸಾಲ ತೀರಿಸಲಾರದೆ ದಿವಾಳಿಯಾದವನನ್ನು ಪಂಥದ ಸಭೆಯು ವಿಚಾರಿಸಿ ಹೊರಗಿಡುವುದೂ ಉಂಟಾಗಿತ್ತು. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಕ್ವೇಕರ್ ವ್ಯಾಪಾರಿಯ ಪ್ರಾಮಾಣಿಕತೆಗೆ ಅವನ ಎದೆಯೊಳಗಿನ ದೀಪ ಮಾತ್ರವೇ ಕಾರಣವಲ್ಲ. ವಾರವಾರವೂ ಪಕ್ಕದ ಬೆಂಚಿನಲ್ಲಿ ಕುಳಿತು ಅವನನ್ನು ನೋಡುತ್ತಿದ್ದ ಕಣ್ಣುಗಳೂ ಕಾರಣ.

೧೮೬೧ರಲ್ಲಿ ಜಾನನ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ ವ್ಯಾಪಾರವನ್ನು ವಹಿಸಿಕೊಂಡಾಗ ಅದು ನಷ್ಟದಲ್ಲಿತ್ತು. ತಾಯಿಯಿಂದ ಬಂದ ಆಸ್ತಿಯನ್ನೆಲ್ಲ ಅದಕ್ಕೆ ಸುರಿದು, ಮಿತವಾಗಿ ಬಾಳಿ, ಅವರು ಅದನ್ನು ಎತ್ತಿದರು. ಆ ಕಾಲದ ಕೋಕೋ ಪುಡಿಗೆ ಪಿಷ್ಟಾದಿಗಳನ್ನು ಬೆರೆಸುವುದು ವಾಡಿಕೆಯಾಗಿತ್ತು. ಹಾಲೆಂಡಿನ ಯಂತ್ರದಿಂದ ಬೀಜದ ಕೊಬ್ಬನ್ನು ಹಿಂಡಿ ತೆಗೆದು, ಬೆರಕೆಯಿಲ್ಲದ ಪುಡಿಯನ್ನು ಅವರು ೧೮೬೬ರಲ್ಲಿ ಮಾರಾಟಕ್ಕೆ ತಂದರು. ಶುದ್ಧವಾದುದು ಎಂಬ ಮಾತೇ ಅವರ ಜಾಹೀರಾತಾಯಿತು. ಆ ಮಾತು ನಿಜವೂ ಆಗಿದ್ದಿತು.

೧೮೭೯ರಲ್ಲಿ ಕಾರ್ಖಾನೆಯು ನಗರದ ಹೊಗೆಯನ್ನು ಬಿಟ್ಟು ನಾಲ್ಕು ಮೈಲಿ ದೂರದ ಹೊಲಗಳ ನಡುವೆ ಹೋಗಿ ನೆಲೆಸಿತು. ಆ ಸ್ಥಳಕ್ಕೆ ಬೋರ್ನ್‌ವಿಲ್ ಎಂದು ಹೆಸರಾಯಿತು. ೧೮೯೩ರಲ್ಲಿ ಜಾರ್ಜನು ಸುತ್ತಣ ೧೨೦ ಎಕರೆ ನೆಲವನ್ನು ಸ್ವಂತ ಹಣದಿಂದ ಕೊಂಡು, ಬೆಳಕು ಗಾಳಿಗಳುಳ್ಳ, ಹಿತ್ತಲಲ್ಲಿ ತೋಟವಿರುವ ಮನೆಗಳನ್ನು ಕಟ್ಟಿಸತೊಡಗಿದನು. ಆ ಮನೆಗಳು ಕಾರ್ಖಾನೆಯ ಕೆಲಸಗಾರರಿಗೆ ಮಾತ್ರವೇ ಮೀಸಲಾಗಿರಲಿಲ್ಲ. ೧೯೦೦ರಲ್ಲಿ ೩೩೦ ಎಕರೆ ನೆಲವನ್ನೂ ಅದರ ಮೇಲಿನ ೩೧೩ ಮನೆಗಳನ್ನೂ ಒಂದು ಧರ್ಮನಿಧಿಗೆ ಬರೆದುಕೊಟ್ಟನು. ತನ್ನ ವಾರಸುದಾರರಿಗೆ ಸೇರಬಹುದಾಗಿದ್ದ ಆಸ್ತಿಯನ್ನು ಹೀಗೆ ತನ್ನ ಕೈಯಿಂದ ತಾನೇ ಬಿಡಿಸಿಕೊಂಡನು. ೧೯೦೬ರಲ್ಲಿ ಕೆಲಸಗಾರರಿಗೆ ನಿವೃತ್ತಿವೇತನದ ನಿಧಿಯೂ ಏರ್ಪಟ್ಟಿತು.

ಇದು ಕೆಲಸಗಾರರನ್ನು ತೃಪ್ತರನ್ನಾಗಿಟ್ಟು ಹೆಚ್ಚು ದುಡಿಸಿಕೊಳ್ಳುವ ಉಪಾಯವಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಒಳ್ಳೆಯ ಮನೆಯಲ್ಲಿರುವ ಆಳು ಒಳ್ಳೆಯ ಕೆಲಸಮಾಡುವನೆಂಬುದನ್ನು ಕ್ಯಾಡ್ಬರಿಗಳು ಅರಿತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ. ಪುಣ್ಯವೂ ಲಾಭವೂ ಒಂದೇ ದಾರಿಯಲ್ಲಿ ನಡೆಯುತ್ತಿರುವಾಗ ಇದು ಯಾವುದಕ್ಕಾಗಿ ಮಾಡಿದ ಕೆಲಸವೆಂದು ಕೇಳುವುದು ವ್ಯರ್ಥ. ಮಾಡಿದವನಿಗೇ ಅದು ತಿಳಿದಿರಲಾರದು. ಎರಡೂ ಬೇರೆಯಾಗುವ ಕವಲಿನಲ್ಲಿ ನಿಂತು ನೋಡಬೇಕು. ಅಂಥ ಕವಲು ಕ್ಯಾಡ್ಬರಿಗಳಿಗೆ ೧೯೦೧ರಲ್ಲಿ ಎದುರಾಯಿತು.

೩

ಆಫ್ರಿಕದ ಪಶ್ಚಿಮಕ್ಕೆ, ಭೂಮಧ್ಯರೇಖೆಯ ಬಳಿ, ಸಾವೊ ಟೋಮೆ ಮತ್ತು ಪ್ರಿನ್ಸಿಪೆ ಎಂಬ ದ್ವೀಪಗಳಿವೆ. ಆಗ ಅವು ಪೋರ್ಚುಗಲ್ಲಿನ ಅಧೀನದಲ್ಲಿದ್ದವು. ಕ್ಯಾಡ್ಬರಿಯ ಕೋಕೋ ಬೀಜದ ದೊಡ್ಡದೊಂದು ಪಾಲು ಅಲ್ಲಿಂದ ಬರುತ್ತಿತ್ತು. ಪೋರ್ಚುಗೀಸರ ಕಾನೂನಿನಲ್ಲಿ ಗುಲಾಮಗಿರಿಯು ಹತ್ತೊಂಬತ್ತನೆಯ ಶತಮಾನದಲ್ಲಿಯೇ ರದ್ದಾಗಿತ್ತು. ತೋಟಗಳಲ್ಲಿ ದುಡಿಯುವವರು ಕರಾರಿನ ಆಳುಗಳೆಂದೂ ಐದು ವರ್ಷಗಳಿಗೆ ಒಪ್ಪಿ ಬಂದವರೆಂದೂ ಕಾಗದದಲ್ಲಿ ಬರೆದಿದ್ದಿತು. ನಿಜವಾಗಿ ನಡೆಯುತ್ತಿದ್ದುದು ಬೇರೆ. ಅಂಗೋಲದ ಒಳನಾಡಿನಲ್ಲಿ ಹಿಡಿದ ಜನರನ್ನು ನೂರಾರು ಮೈಲಿ ನಡೆಸಿಕೊಂಡು ಬಂದು ಹಡಗು ಹತ್ತಿಸುತ್ತಿದ್ದರು. ಕರಾರು ಮುಗಿದರೂ ಅವರು ಊರಿಗೆ ಹಿಂದಿರುಗುತ್ತಿರಲಿಲ್ಲ. ಗುಲಾಮಗಿರಿಯ ವಿರುದ್ಧ ಹೋರಾಡಿದ ಕೀರ್ತಿಯುಳ್ಳ ಪಂಥದವರು ಮಾರುವ ಕೋಕೋ ಗುಲಾಮರ ಕೈಯಿಂದಲೇ ಬರುತ್ತಿತ್ತು.

ರಿಚರ್ಡನ ಮಗನಾದ ವಿಲಿಯಂ ಕ್ಯಾಡ್ಬರಿಯ ಕಿವಿಗೆ ಈ ಸುದ್ದಿ ೧೯೦೧ರಲ್ಲಿ ಬಿತ್ತು. ಅದೇ ಕಾಲದಲ್ಲಿ ಮಾರಾಟಕ್ಕಿದ್ದ ಒಂದು ತೋಟದ ಪಟ್ಟಿಯೂ ಕಂಪೆನಿಯ ಕೈಗೆ ಬಂದಿತು. ಅದರಲ್ಲಿ ಇತರ ಸ್ವತ್ತುಗಳೊಡನೆ ಆಳುಗಳಿಗೂ ಬೆಲೆ ಕಟ್ಟಿದ್ದಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ? ಆದರೂ ಕಂಪೆನಿಯು ಅಲ್ಲಿಯ ಕೋಕೋವನ್ನು ಕೊಳ್ಳುವುದನ್ನು ನಿಲ್ಲಿಸಿದ್ದು ೧೯೦೯ರ ಮಾರ್ಚಿಯಲ್ಲಿ. ನಡುವೆ ಎಂಟು ವರ್ಷಗಳು ಕಳೆದಿದ್ದವು.

ಆ ಎಂಟು ವರ್ಷಗಳಲ್ಲಿ ಅವರು ಸುಮ್ಮನಿದ್ದರೆನ್ನುವಂತಿಲ್ಲ. ವಿಲಿಯಂ ೧೯೦೩ರಲ್ಲಿ ಲಿಸ್ಬನ್ನಿಗೆ ಹೋಗಿ ತೋಟದ ಒಡೆಯರನ್ನೂ ಅಧಿಕಾರಿಗಳನ್ನೂ ಕಂಡನು. ೧೯೦೫ರಲ್ಲಿ ಜೋಸೆಫ್ ಬರ್ಟ್ ಎಂಬಾತನನ್ನು ವಿಚಾರಣೆಗಾಗಿ ದ್ವೀಪಗಳಿಗೆ ಕಳುಹಿಸಿದರು. ಅವನು ಹಿಂದಿರುಗಿ ವರದಿ ಒಪ್ಪಿಸುವುದಕ್ಕೆ ಎರಡು ವರ್ಷಗಳು ಹಿಡಿದವು. ಅಷ್ಟರೊಳಗೆ ಹೆನ್ರಿ ನೆವಿನ್ಸನ್ ಎಂಬ ಪತ್ರಿಕಾಕಾರನು ತಾನೇ ಅಂಗೋಲದ ದಾರಿಯಲ್ಲಿ ನಡೆದು, ಮರಗಳಿಗೆ ತೂಗಹಾಕಿದ್ದ ಕೋಳಗಳನ್ನು ಕಣ್ಣಾರೆ ಕಂಡು, ೧೯೦೬ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ್ದನು. ೧೯೦೮ರಲ್ಲಿ ವಿಲಿಯಂ ತಾನೇ ಆಫ್ರಿಕಕ್ಕೆ ಹೊರಟನು. ಬ್ರಿಟಿಷ್ ವಿದೇಶಾಂಗ ಖಾತೆಯವರೂ ಸ್ವಲ್ಪ ತಾಳಿರೆಂದು ಹೇಳುತ್ತಿದ್ದರು. ಟ್ರಾನ್ಸ್‌ವಾಲಿನ ಚಿನ್ನದ ಗಣಿಗಳಿಗೆ ಪೋರ್ಚುಗೀಸರ ಮೊಜಾಂಬಿಕಿನಿಂದ ಆಳುಗಳು ಬೇಕಾಗಿದ್ದುದರಿಂದ ಆ ಸರ್ಕಾರವನ್ನು ನೋಯಿಸಲು ಅವರಿಗೆ ಮನಸ್ಸಿರಲಿಲ್ಲ.

ಕಂಪೆನಿಯ ಸಮರ್ಥನೆ ಹೀಗಿತ್ತು: ನಾವು ಕೊಳ್ಳುವುದನ್ನು ಇಂದೇ ನಿಲ್ಲಿಸಿದರೆ ಬೇರೆಯವರು ಕೊಳ್ಳುವರು, ಗಿರಾಕಿಯಾಗಿರುವವರೆಗೆ ಮಾತ್ರ ನಮ್ಮ ಮಾತಿಗೆ ಬೆಲೆ, ಬಿಟ್ಟುಬಂದರೆ ನಮ್ಮ ಕೈ ಶುದ್ಧವಾದೀತೇ ಹೊರತು ಆಳುಗಳ ಸಂಕಟ ತೀರದು. ಈ ವಾದವನ್ನು ಕಪಟವೆಂದು ತಳ್ಳಿಬಿಡುವುದು ನ್ಯಾಯವಲ್ಲ. ತನ್ನ ಮಡಿಯನ್ನು ಕಾಪಾಡಿಕೊಳ್ಳುವುದಕ್ಕಾಗಿ ಕೆಸರಿನಲ್ಲಿ ಬಿದ್ದವನನ್ನು ಬಿಟ್ಟುಹೋಗುವವನು ಧರ್ಮಾತ್ಮನೇನೂ ಅಲ್ಲ. ಆದರೆ ಈ ವಾದಕ್ಕೆ ಒಂದು ದೋಷವುಂಟು. ಅದು ಎಂದಿಗೂ ಹಳೆಯದಾಗುವುದಿಲ್ಲ. ಮೊದಲನೆಯ ವರ್ಷದಲ್ಲಿ ಅದು ಎಷ್ಟು ಸರಿಯೋ ಎಂಟನೆಯ ವರ್ಷದಲ್ಲಿಯೂ ಅಷ್ಟೇ ಸರಿಯಾಗಿ ಕೇಳಿಸುತ್ತದೆ. ಈ ನಡುವೆ ಬೀಜದ ಮೂಟೆಗಳು ಬರುತ್ತಲೇ ಇರುತ್ತವೆ, ಆಳುಗಳು ಸಾಯುತ್ತಲೇ ಇರುತ್ತಾರೆ. ಅವಧಿಯನ್ನು ಮೊದಲೇ ಗೊತ್ತುಮಾಡದ ತಾಳ್ಮೆಯು ಸಹನೆಯೋ ಸೌಕರ್ಯವೋ ಎಂಬುದನ್ನು ತಾಳುವವನೇ ಹೇಳಲಾರನು.

ಈ ಮಾತನ್ನು ಹೊರಗಿನವರು ಹೇಳಬೇಕಾಯಿತು. ೧೯೦೮ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ‘ಸ್ಟ್ಯಾಂಡರ್ಡ್’ ಪತ್ರಿಕೆಯು ಕ್ಯಾಡ್ಬರಿಗಳನ್ನು ಕಪಟಿಗಳೆಂದು ಹಳಿಯಿತು. ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಚೀನೀ ಕೂಲಿಗಳ ದುಃಸ್ಥಿತಿಗಾಗಿ ಜಾರ್ಜ್ ಕ್ಯಾಡ್ಬರಿಯ ಒಡೆತನದ ‘ಡೈಲಿ ನ್ಯೂಸ್’ ಪತ್ರಿಕೆಯು ಅಷ್ಟೊಂದು ಕೂಗಾಡಿತ್ತು. ತನ್ನ ಕೋಕೋ ತೋಟದ ಆಳುಗಳ ವಿಷಯದಲ್ಲಿ ಅದೇ ಮನೆತನ ಏನು ಮಾಡಿತು? ಕ್ಯಾಡ್ಬರಿಗಳು ಮಾನನಷ್ಟದ ದಾವೆ ಹೂಡಿದರು. ೧೯೦೯ರ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಿಚಾರಣೆ ನಡೆಯಿತು. ಪತ್ರಿಕೆಯ ಪರವಾಗಿ ವಾದಿಸಿದ ಎಡ್ವರ್ಡ್ ಕಾರ್ಸನ್ ಆ ಎಂಟು ವರ್ಷಗಳನ್ನು ಒಂದೊಂದಾಗಿ ಎತ್ತಿಹಿಡಿದು ವಿಲಿಯಮನನ್ನು ಕೇಳಿದನು. ಜೂರಿಯವರು ಕ್ಯಾಡ್ಬರಿಗಳ ಕಡೆಗೇ ತೀರ್ಪನ್ನಿತ್ತರು. ಆದರೆ ನಷ್ಟಪರಿಹಾರವಾಗಿ ಕೊಡಿಸಿದ್ದು ಒಂದು ಫಾರ್ದಿಂಗ್, ಎಂದರೆ ಪೆನ್ನಿಯ ನಾಲ್ಕನೆಯ ಒಂದು ಪಾಲು, ಒಂದು ಕಾಸು.

ಆ ಕಾಸಿನ ತೀರ್ಪಿನಲ್ಲಿ ದೊಡ್ಡ ವಿವೇಕವಡಗಿದೆ. ನೀವು ಕಪಟಿಗಳಲ್ಲ, ಅದನ್ನು ಒಪ್ಪಿದೆವು. ಆದರೆ ನಿಮಗೆ ನಷ್ಟವಾಯಿತೆಂದು ಹೇಳಿಕೊಳ್ಳುವಷ್ಟು ನಿರ್ದೋಷಿಗಳೂ ಅಲ್ಲ ಎಂದು ಆ ಹನ್ನೆರಡು ಜನರು ಹೇಳಿದಂತಿದೆ. ಅಂತಃಕರಣವುಳ್ಳ ಮನುಷ್ಯರೇ ಕಂಪೆನಿಯ ಒಡೆಯರಾಗಿದ್ದಾಗಲೂ, ಅವರು ತಮ್ಮ ನಿತ್ಯದ ಲೆಕ್ಕದ ನಡುವೆ ಕುಳಿತು ಅಂತಃಕರಣದ ಮಾತನ್ನು ಕೇಳಲು ಎಂಟು ವರ್ಷ ಹಿಡಿಯಿತು ಎಂಬುದೇ ಇಲ್ಲಿಯ ಪಾಠ. ಆದರೂ ಕೊನೆಗೆ ಕೇಳಿದರು, ಕೊಳ್ಳುವುದನ್ನು ನಿಲ್ಲಿಸಿದರು. ಏಕೆಂದರೆ ಅವರಿಗೆ ನಾಚಿಕೆಯಿತ್ತು. ಪತ್ರಿಕೆಯಲ್ಲಿ ಹೆಸರು ಬಂದರೆ ತಲೆತಗ್ಗಿಸಬೇಕಾದ ಒಂದು ಮನೆತನವಿತ್ತು, ಒಂದು ಪ್ರಾರ್ಥನಾಸಭೆಯಿತ್ತು.

೪

ಅನಂತರದ ಇತಿಹಾಸವು ಒಡೆತನವು ಹಂಚಿಹೋದ ಕಥೆ. ೧೯೧೯ರಲ್ಲಿ ಬ್ರಿಸ್ಟಲಿನ ಫ್ರೈ ಎಂಬ ಕ್ವೇಕರ್ ಮನೆತನದ ಕಂಪೆನಿಯು ಕ್ಯಾಡ್ಬರಿಯೊಡನೆ ಕೂಡಿಕೊಂಡಿತು. ೧೯೪೮ರಲ್ಲಿ ಭಾರತದಲ್ಲಿ ಶಾಖೆಯಾಯಿತು. ೧೯೬೨ರಲ್ಲಿ ಷೇರುಗಳು ಪೇಟೆಗೆ ಬಂದವು. ೧೯೬೯ರಲ್ಲಿ ಪಾನೀಯಗಳ ಕಂಪೆನಿಯಾದ ಶ್ವೆಪ್ಸ್ ಜತೆಗೂಡಿತು. ಮುಂದೆ ಹಲವು ವರ್ಷ ಅಧ್ಯಕ್ಷನಾಗಿದ್ದ ಏಡ್ರಿಯನ್ ಕ್ಯಾಡ್ಬರಿಯು, ಕಂಪೆನಿಗಳ ಆಡಳಿತವು ಹೇಗಿರಬೇಕೆಂಬುದನ್ನು ಕುರಿತು ೧೯೯೨ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಪ್ರಸಿದ್ಧ ವರದಿಯ ಸಮಿತಿಗೂ ಅಧ್ಯಕ್ಷನಾಗಿದ್ದನು. ಅಧ್ಯಕ್ಷತೆಯೂ ಕಾರ್ಯನಿರ್ವಾಹಕತ್ವವೂ ಒಬ್ಬನ ಕೈಯಲ್ಲಿ ಇರಬಾರದು, ಲೆಕ್ಕವನ್ನು ಹೊರಗಿನವರು ಸ್ವತಂತ್ರವಾಗಿ ನೋಡಬೇಕು ಎಂಬಂಥ ನಿಯಮಗಳು ಅದರಲ್ಲಿವೆ. ಒಳ್ಳೆಯತನಕ್ಕೆ ಹೆಸರಾದ ಮನೆತನದವನೇ ಒಳ್ಳೆಯತನವನ್ನು ನೆಚ್ಚದೆ ಕಟ್ಟುಪಾಡನ್ನು ಕೇಳಿದನೆಂಬುದು ಗಮನಿಸತಕ್ಕ ವಿಷಯ.

೨೦೦೯ರ ಸೆಪ್ಟೆಂಬರಿನಲ್ಲಿ ಕ್ರಾಫ್ಟ್ ಎಂಬ ಅಮೆರಿಕದ ಆಹಾರದ ಕಂಪೆನಿಯು ಕ್ಯಾಡ್ಬರಿಯನ್ನು ಕೊಳ್ಳುವುದಾಗಿ ಮುಂದೆ ಬಂದಿತು. ಕ್ಯಾಡ್ಬರಿಯ ಆಡಳಿತಮಂಡಲಿಯು ಮೊದಲು ಒಲ್ಲೆನೆಂದಿತು. ೨೦೧೦ರ ಜನವರಿಯಲ್ಲಿ ಬೆಲೆಯು ಸುಮಾರು ೧೧೫೦ ಕೋಟಿ ಪೌಂಡಿಗೆ ಏರಿದಾಗ ಒಪ್ಪಿತು. ಈ ನಡುವೆ ಒಂದು ವಿಚಿತ್ರ ನಡೆದಿತ್ತು. ಹಳೆಯ ಪಾಲುಗಾರರು ಏರಿದ ಬೆಲೆಗೆ ಷೇರುಗಳನ್ನು ಮಾರಿ ಹೊರಟುಹೋದರು. ಕೆಲವು ವಾರಗಳ ಲಾಭಕ್ಕಾಗಿ ಕೊಳ್ಳುವ ಹಣಗಾರರು ಅವರ ಸ್ಥಾನಕ್ಕೆ ಬಂದರು. ಮೊದಲು ನೂರಕ್ಕೆ ಸುಮಾರು ೫ ಪಾಲಿನಷ್ಟಿದ್ದ ಇಂಥವರ ಹಿಡಿತವು ಕೊನೆಗೆ ೩೦ನ್ನು ಮೀರಿತು. ೧೮೬ ವರ್ಷದ ಸಂಸ್ಥೆಯೊಂದರ ಭವಿಷ್ಯವನ್ನು ನಿರ್ಣಯಿಸಿದವರಲ್ಲಿ ಬಹುಮಂದಿ ಅದರ ಒಡೆಯರಾಗಿ ಒಂದು ಋತುವನ್ನೂ ಕಳೆದಿರಲಿಲ್ಲ. ಅವರು ಕಾನೂನನ್ನು ಮೀರಲಿಲ್ಲ, ಮೋಸವನ್ನೂ ಮಾಡಲಿಲ್ಲ. ನಾಚಿಕೆಪಡಬೇಕಾದ ಪ್ರಸಂಗವೇ ಅವರಿಗಿರಲಿಲ್ಲ, ಏಕೆಂದರೆ ಅವರ ಮುಖವನ್ನು ಯಾರೂ ಕಂಡಿರಲಿಲ್ಲ.

ಫ್ರೈ ಮನೆತನದವರು ಕಟ್ಟಿದ ಸೋಮರ್‌ಡೇಲ್ ಎಂಬ ಕಾರ್ಖಾನೆ ಬ್ರಿಸ್ಟಲಿನ ಹತ್ತಿರ ಇದ್ದಿತು. ಅದನ್ನು ಮುಚ್ಚಿ ಕೆಲಸವನ್ನು ಪೋಲೆಂಡಿಗೆ ಸಾಗಿಸುವುದಾಗಿ ಕ್ಯಾಡ್ಬರಿಯವರೇ ೨೦೦೭ರಲ್ಲಿ ಸಾರಿದ್ದರು. ಇದನ್ನು ಮರೆತು ದೋಷವನ್ನೆಲ್ಲ ಪರದೇಶದವರ ತಲೆಗೆ ಕಟ್ಟುವುದು ಸತ್ಯವಾಗದು. ಆದರೆ ಕ್ರಾಫ್ಟಿನವರು ಕೊಳ್ಳಲು ಬಂದಾಗ, ಆ ಕಾರ್ಖಾನೆಯನ್ನು ನಡೆಸಿಕೊಂಡು ಹೋಗಲು ತಮ್ಮಿಂದ ಸಾಧ್ಯವೆಂದು ನಂಬುವುದಾಗಿ ಹೇಳಿದರು. ಕೊಂಡು ಕೆಲವೇ ದಿನಗಳಲ್ಲಿ, ೨೦೧೦ರ ಫೆಬ್ರವರಿಯಲ್ಲಿ, ಅದು ಸಾಧ್ಯವಿಲ್ಲವೆಂದರು. ಸುಮಾರು ೪೦೦ ಜನರ ಕೆಲಸ ಹೋಯಿತು. ಕಂಪೆನಿಗಳ ಕ್ರಯವಿಕ್ರಯಗಳನ್ನು ನೋಡಿಕೊಳ್ಳುವ ಇಂಗ್ಲೆಂಡಿನ ಮಂಡಲಿಯು, ಆಧಾರವಿಲ್ಲದೆ ಇಂಥ ಮಾತನ್ನಾಡಿದ್ದಕ್ಕಾಗಿ ಕ್ರಾಫ್ಟನ್ನು ಅದೇ ವರ್ಷದ ಮೇ ತಿಂಗಳಿನಲ್ಲಿ ಬಹಿರಂಗವಾಗಿ ಖಂಡಿಸಿತು. ಮರುವರ್ಷ ನಿಯಮಗಳನ್ನೂ ಬಿಗಿಗೊಳಿಸಿದರು. ಕೆಲಸ ಕಳೆದುಕೊಂಡವರಿಗೆ ಆ ಖಂಡನೆಯಿಂದ ಆದ ಪ್ರಯೋಜನ ಹಿಂದಿನ ಒಂದು ಕಾಸಿಗಿಂತ ಹೆಚ್ಚಿನದೇನಲ್ಲ.

೫

ಸದ್ಗುಣವನ್ನು ಕೊಳ್ಳಬಹುದೆ? ಇದು ನಮ್ಮ ಕಾಲದ ಪ್ರಶ್ನೆ. ೧೯೯೧ರಲ್ಲಿ ಇಂಗ್ಲೆಂಡಿನ ದಂಪತಿಗಳಿಬ್ಬರು ಗ್ರೀನ್ ಅಂಡ್ ಬ್ಲ್ಯಾಕ್ಸ್ ಎಂಬ ಹೆಸರಿನಲ್ಲಿ ಸಾವಯವ ಚಾಕೊಲೇಟನ್ನು ತಯಾರಿಸತೊಡಗಿದರು. ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಂದಿದೆಯೆಂದು ಸೂಚಿಸುವ ಫೇರ್‌ಟ್ರೇಡ್ ಮುದ್ರೆಯನ್ನು ಬ್ರಿಟನ್ನಿನಲ್ಲಿ ಮೊತ್ತಮೊದಲು ೧೯೯೪ರಲ್ಲಿ ಪಡೆದುದು ಅವರ ಚಾಕೊಲೇಟೇ. ೨೦೦೫ರಲ್ಲಿ ಕ್ಯಾಡ್ಬರಿಯು ಅವರ ಕಂಪೆನಿಯನ್ನು ಕೊಂಡಿತು. ೨೦೦೯ರಲ್ಲಿ ತನ್ನ ಡೇರಿ ಮಿಲ್ಕ್ ಚಾಕೊಲೇಟಿಗೂ ಬ್ರಿಟನ್ನಿನಲ್ಲಿ ಅದೇ ಮುದ್ರೆಯನ್ನು ಪಡೆಯಿತು. ಕೊಂಡದ್ದು ಕೊಂಡವನನ್ನೂ ಸ್ವಲ್ಪ ತಿದ್ದಿತೆಂದು ಇದರಿಂದ ಹೇಳಬಹುದೇನೋ. ಮರುವರ್ಷವೇ ಎರಡೂ ಕ್ರಾಫ್ಟಿನ ವಶವಾದವು. ೨೦೧೨ರಲ್ಲಿ ಕ್ರಾಫ್ಟ್ ಎರಡಾಗಿ ಒಡೆದಾಗ ಮಾಂಡಲೀಜ್ ಎಂಬ ಹೊಸ ಹೆಸರಿನ ಕಂಪೆನಿಯ ಪಾಲಿಗೆ ಬಂದವು.

ಮಾಂಡಲೀಜ್ ಅದೇ ವರ್ಷ ‘ಕೋಕೋ ಲೈಫ್’ ಎಂಬ ಯೋಜನೆಯನ್ನು ಸಾರಿತು: ಹತ್ತು ವರ್ಷಗಳಲ್ಲಿ ೪೦ ಕೋಟಿ ಡಾಲರುಗಳ ವೆಚ್ಚದಿಂದ ಬೆಳೆಗಾರರ ಹಳ್ಳಿಗಳನ್ನು ಮೇಲೆತ್ತುವ ಸಂಕಲ್ಪ. ೨೦೧೬ರಲ್ಲಿ ಕ್ಯಾಡ್ಬರಿ ಚಾಕೊಲೇಟುಗಳ ಮೇಲಣ ಹೊರಗಿನ ಮುದ್ರೆಯ ಪದ್ಧತಿಯನ್ನು ಬಿಟ್ಟು, ತನ್ನ ಈ ಯೋಜನೆಯ ಗುರುತನ್ನೇ ಮುಂದಿಟ್ಟುಕೊಳ್ಳುವುದಾಗಿ ತಿಳಿಸಿತು; ಮುದ್ರೆಯ ಸಂಸ್ಥೆಯು ಇನ್ನುಮುಂದೆ ಸಹಭಾಗಿಯಾಗಿರುವುದೆಂದಿತು. ಹಣವು ನೇರವಾಗಿ ಹಳ್ಳಿಗೇ ತಲುಪುವುದು, ಹೆಚ್ಚು ಜನರಿಗೆ ಹೆಚ್ಚು ಬಗೆಯ ಉಪಕಾರವಾಗುವುದು ಎಂಬುದು ಕಂಪೆನಿಯ ವಾದ. ಅದು ನಿಜವಾಗಿಯೂ ಇರಬಹುದು. ಆದರೆ ಅಳೆಯುವ ಬಳ್ಳವು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಬೇರೆ. ಸಂತೆಯಲ್ಲಿ ಅಕ್ಕಿಯನ್ನು ಮಾರುವವನು ಎಷ್ಟೇ ಸತ್ಯವಂತನಾದರೂ, ಬಳ್ಳದ ಮೇಲೆ ಸರ್ಕಾರದ ಮುದ್ರೆ ಇರಲಿ ಎನ್ನುತ್ತೇವೆ. ಅದು ಅವನ ಮೇಲಣ ಅಪನಂಬಿಕೆಯಲ್ಲ. ಅವನ ಸತ್ಯಕ್ಕೆ ನಾವು ಕೊಡುವ ಆಸರೆ.

ಸಂಕಲ್ಪಗಳ ಗತಿಯನ್ನು ಇಡೀ ಚಾಕೊಲೇಟ್ ಉದ್ಯಮದ ಅನುಭವದಿಂದ ತಿಳಿಯಬಹುದು. ಕೋಕೋ ತೋಟಗಳಲ್ಲಿ ಮಕ್ಕಳ ದುಡಿಮೆಯ ಅತ್ಯಂತ ಕ್ರೂರವಾದ ಬಗೆಗಳನ್ನು ೨೦೦೫ರೊಳಗೆ ತೊಡೆದುಹಾಕುವ ಗುರಿಯುಳ್ಳ ಒಡಂಬಡಿಕೆಯೊಂದಕ್ಕೆ ಉದ್ಯಮದ ಪ್ರತಿನಿಧಿಗಳು ೨೦೦೧ರಲ್ಲಿ ಅಮೆರಿಕದಲ್ಲಿ ಸಹಿಹಾಕಿದರು. ಅವಧಿಯು ಮುಂದುಮುಂದಕ್ಕೆ ಸರಿಯಿತು. ೨೦೨೦ರ ಹೊತ್ತಿಗೆ ನೂರಕ್ಕೆ ೭೦ರಷ್ಟು ಕಡಿಮೆಮಾಡುವುದೆಂದು ಗುರಿಯೂ ಬದಲಾಯಿತು. ಆ ವರ್ಷ ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧನಾಸಂಸ್ಥೆಯು ಪ್ರಕಟಿಸಿದ ವರದಿಯ ಪ್ರಕಾರ, ಘಾನಾ ಮತ್ತು ಐವರಿ ಕೋಸ್ಟ್ ದೇಶಗಳ ಕೋಕೋ ಬೇಸಾಯದಲ್ಲಿ ದುಡಿಯುವ ಮಕ್ಕಳು ಸುಮಾರು ೧೫ ಲಕ್ಷ ೬೦ ಸಾವಿರ. ಇವರಲ್ಲಿ ಬಹುಪಾಲು ಮಕ್ಕಳು ತಮ್ಮ ಮನೆಯವರ ತೋಟಗಳಲ್ಲಿಯೇ ದುಡಿಯುವವರು. ಬಡತನವೇ ಅವರ ಮೇಸ್ತ್ರಿ. ಬೀಜದ ಬೆಲೆಯು ತಂದೆಯ ಸಂಸಾರಕ್ಕೆ ಸಾಲದಿದ್ದರೆ ಮಗನು ಶಾಲೆಗೆ ಹೋಗಲಾರನೆಂಬುದು ಯಾವ ವರದಿಯಿಲ್ಲದೆಯೂ ತಿಳಿಯುವ ಮಾತು. ಎಂಟು ವರ್ಷದ ತಾಳ್ಮೆಯನ್ನು ೧೯೦೯ರಲ್ಲಿ ದೀರ್ಘವೆಂದು ಎಣಿಸಿದವರು ಇಪ್ಪತ್ತು ವರ್ಷಗಳ ಈ ತಾಳ್ಮೆಗೆ ಏನೆನ್ನುತ್ತಿದ್ದರೋ!

೬

ಈ ಕಥೆಯ ಒಂದು ಎಳೆ ನಮ್ಮ ನಾಡಿಗೂ ಬಂದಿದೆ. ೧೯೬೫ರಿಂದೀಚೆಗೆ ಕ್ಯಾಡ್ಬರಿಯ ಭಾರತ ಶಾಖೆಯು ದಕ್ಷಿಣದೇಶದಲ್ಲಿ ಕೋಕೋ ಬೇಸಾಯಕ್ಕೆ ಉತ್ತೇಜನ ಕೊಟ್ಟಿತು. ಕೇರಳದಲ್ಲಿಯೂ ನಮ್ಮ ದಕ್ಷಿಣ ಕನ್ನಡದಲ್ಲಿಯೂ ಅಡಿಕೆ ತೆಂಗುಗಳ ನೆರಳಿನಲ್ಲಿ ಕೋಕೋ ಗಿಡಗಳು ಎದ್ದವು. ೧೯೮೦ರ ಸುಮಾರಿಗೆ ಪ್ರಪಂಚದ ಪೇಟೆಯಲ್ಲಿ ಬೆಲೆ ಕುಸಿದಾಗ ಖಾಸಗಿ ಖರೀದಿದಾರರು ಹಿಂದೆ ಸರಿದರು. ಕೆಲವರು ಗಿಡಗಳನ್ನೇ ಕಡಿದು ಹಾಕಿದರು. ಆಗ ಕೊಳ್ಳಲು ಮುಂದಾದುದು, ೧೯೭೩ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡಿದ್ದ ಕ್ಯಾಂಪ್ಕೋ ಸಹಕಾರ ಸಂಸ್ಥೆ. ೧೯೮೬ರಲ್ಲಿ ಆ ಸಂಸ್ಥೆಯೇ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು.

ಸಹಕಾರ ಸಂಘಗಳೆಲ್ಲ ಧರ್ಮದ ಬೀಡು, ಕಂಪೆನಿಗಳೆಲ್ಲ ಅಧರ್ಮದ ಬೀಡು ಎಂದು ಹೇಳುವುದಕ್ಕಾಗಿ ಇದನ್ನು ಎತ್ತಲಿಲ್ಲ. ಸಹಕಾರ ಸಂಘಗಳ ಚುನಾವಣೆಗಳನ್ನು ಕಂಡ ಯಾರೂ ಆ ಮಾತನ್ನು ಆಡರು. ಆದರೆ ವ್ಯತ್ಯಾಸವೊಂದುಂಟು. ಬೆಲೆ ಕುಸಿದಾಗ ದೂರದ ಕಂಪೆನಿಗೆ ಅದು ಒಂದು ಅಂಕೆ. ಬೆಳೆಗಾರರ ಸಂಘಕ್ಕೆ ಅದು ಸಭೆಯ ಮುಂದಿನ ಸಾಲಿನಲ್ಲಿ ಕುಳಿತ ಸದಸ್ಯನ ಮುಖ. ನೋವನ್ನು ಉಣ್ಣುವವನೂ ನಿರ್ಣಯವನ್ನು ಮಾಡುವವನೂ ಒಂದೇ ಕೋಣೆಯಲ್ಲಿದ್ದರೆ ಅಂತಃಕರಣಕ್ಕೆ ಕೆಲಸ ಹಗುರವಾಗುತ್ತದೆ. ಇಬ್ಬರ ನಡುವಣ ದೂರವು ಬೆಳೆದಷ್ಟೂ ಅದರ ದನಿ ಕ್ಷೀಣಿಸುತ್ತದೆ. ಸಾವೊ ಟೋಮೆ ಬರ್ಮಿಂಗ್‌ಹ್ಯಾಮಿನಿಂದ ನಾಲ್ಕು ಮೈಲಿಯಲ್ಲಿದ್ದಿದ್ದರೆ ವಿಚಾರಣೆಗೆ ಎಂಟು ವರ್ಷ ಬೇಕಾಗುತ್ತಿತ್ತೆ?

೭

ಈಗ ಮೊದಲಿನ ಪ್ರಶ್ನೆಗೆ ಬರೋಣ. ವ್ಯಾಪಾರಸಂಸ್ಥೆಗೆ ಅಂತಃಕರಣವಿಲ್ಲ. ಇರಲಾರದು; ಅದು ಸುಖದುಃಖಗಳನ್ನು ಉಣ್ಣುವ ಜೀವಕ್ಕೆ ಮಾತ್ರ ಬಂದ ಸಂಪತ್ತು. ಕಂಪೆನಿಯು ತನ್ನ ಧ್ಯೇಯವನ್ನು ಕುರಿತು ಆಡುವ ಮಾತುಗಳು ಆ ಹೊತ್ತಿಗೆ ಅದನ್ನು ನಡೆಸುತ್ತಿರುವ ಮನುಷ್ಯರ ಮಾತುಗಳು. ಅವರು ಹೋದರೆ ಮಾತೂ ಹೋಗುತ್ತದೆ. ಹೆಸರು ಮಾತ್ರ ಉಳಿಯುತ್ತದೆ, ಅದೂ ಮಾರಾಟದ ಸರಕಾಗಿ. ಇಷ್ಟರಮಟ್ಟಿಗೆ ಥರ್ಲೋ ಪ್ರಭುವಿನ ಮಾತೇ ಗೆಲ್ಲುತ್ತದೆ.

ಆದರೆ ಇದರಿಂದ, ಲಾಭವೊಂದೇ ಕರ್ತವ್ಯವೆಂಬ ಸಿದ್ಧಾಂತವು ತಾನಾಗಿ ಬರುವುದಿಲ್ಲ. ಬಂಡಿಗೆ ಕಣ್ಣಿಲ್ಲವೆಂದು ಬಂಡಿಯನ್ನು ಕುರುಡಾಗಿ ಓಡಿಸಬಹುದೆಂದು ಯಾರೂ ಹೇಳರು. ಹೊಡೆಯುವವನಿಗೆ ಕಣ್ಣಿರಬೇಕು, ಹಾದಿಗೆ ಕಟ್ಟಿರಬೇಕು ಎನ್ನುತ್ತೇವೆ. ಅಂತಃಕರಣವಿಲ್ಲದ ಕೂಟಕ್ಕೆ ಅದರ ಬದಲಾಗಿ ಕಟ್ಟುಪಾಡುಗಳು ಬೇಕು. ಅವು ಯಾವುವೆಂಬುದನ್ನು ಈ ಕಥೆಯೇ ತೋರಿಸಿದೆ. ಆಡಿದ ಮಾತಿಗಾಗಿ ತಲೆತಗ್ಗಿಸಬೇಕಾದ, ಹೆಸರುಳ್ಳ ಮನುಷ್ಯರು ಇರಬೇಕು. ಸಂಕಲ್ಪಕ್ಕೆ ಅವಧಿಯೂ, ಅದನ್ನು ಅಳೆಯಲು ಹೊರಗಿನ ಬಳ್ಳವೂ ಇರಬೇಕು. ಇಂದಿನವರು ಕೊಟ್ಟ ಮಾತು ನಾಳೆ ಕೊಳ್ಳುವವರನ್ನೂ ಕಟ್ಟುವಂತಿರಬೇಕು.

ಈ ಮೂರನೆಯದು ಅಸಾಧ್ಯವೆಂದು ತೋರಬಹುದು. ಆದರೆ ಜಾರ್ಜ್ ಕ್ಯಾಡ್ಬರಿಯೇ ಅದನ್ನು ಸಾಧಿಸಿದ್ದನು. ೧೯೦೦ರಲ್ಲಿ ಅವನು ಬೋರ್ನ್‌ವಿಲ್ಲಿನ ಮನೆಗಳನ್ನು ಧರ್ಮನಿಧಿಗೆ ಬರೆದುಕೊಟ್ಟಾಗ ಅವು ಕಂಪೆನಿಯ ಆಸ್ತಿಯಿಂದ ಬೇರೆಯಾದವು. ೨೦೧೦ರಲ್ಲಿ ಕಂಪೆನಿಯನ್ನು ಕೊಂಡವರು ಕಾರ್ಖಾನೆಯನ್ನೂ, ಹೆಸರನ್ನೂ, ಚಾಕೊಲೇಟಿನ ಹೊದಿಕೆಯ ನೇರಳೆಬಣ್ಣವನ್ನೂ ಕೊಂಡರು. ಆ ಮನೆಗಳನ್ನು ಕೊಳ್ಳಲಾಗಲಿಲ್ಲ. ಆ ನಿಧಿಯು ಇಂದಿಗೂ ಕಂಪೆನಿಯಿಂದ ಸ್ವತಂತ್ರವಾಗಿದ್ದು, ಸಾವಿರಾರು ಮನೆಗಳನ್ನು ನೋಡಿಕೊಳ್ಳುತ್ತಿದೆ. ಜಾರ್ಜನ ಸದ್ಗುಣದಲ್ಲಿ ಎಷ್ಟು ಭಾಗವು ಕಂಪೆನಿಯ ಅಭ್ಯಾಸವಾಗಿ ಉಳಿದಿತ್ತೋ ಅಷ್ಟು ಕಂಪೆನಿಯೊಡನೆ ಮಾರಾಟವಾಯಿತು. ಎಷ್ಟನ್ನು ಅವನು ತನ್ನ ಕೈಗೂ ತನ್ನ ಮಕ್ಕಳ ಕೈಗೂ ಸಿಗದಂತೆ ಕಟ್ಟಿಟ್ಟನೋ ಅಷ್ಟು ಉಳ

ಿಯಿತು. ನಮ್ಮ ಹಿರಿಯರು ಕೆರೆಯನ್ನು ಕಟ್ಟಿಸಿದಾಗ, ಛತ್ರಕ್ಕೆ ಗದ್ದೆಯನ್ನು ಬಿಟ್ಟಾಗ, ತಮ್ಮ ವಂಶದವರೂ ಅದನ್ನು ಮುಟ್ಟಬಾರದೆಂದು ಕಲ್ಲಿನಲ್ಲಿ ಕೆತ್ತಿಸುತ್ತಿದ್ದುದು ಇದೇ ತಿಳಿವಳಿಕೆಯಿಂದ. ಅವರಿಗೆ ತಮ್ಮ ಧರ್ಮಬುದ್ಧಿಯ ಮೇಲೆ ನಂಬಿಕೆಯಿತ್ತು. ತಮ್ಮ ಮೊಮ್ಮಕ್ಕಳ ಧರ್ಮಬುದ್ಧಿಯ ಮೇಲೆ ಅಷ್ಟು ಇರಲಿಲ್ಲ.

ಕೊನೆಯದಾಗಿ ಓದುಗರಾದ ನಮ್ಮ ಪಾಲಿನ ಮಾತು. ಮುಖವಿಲ್ಲದ ಆ ಪಾಲುಗಾರರು ಯಾರು? ನಿವೃತ್ತಿಗಾಗಿ ಕೂಡಿಟ್ಟ ಹಣವನ್ನು ಹೆಚ್ಚು ಬಡ್ಡಿ ಬರುವಲ್ಲಿ ತೊಡಗಿಸಿರೆಂದು ಯಾವುದೋ ನಿಧಿಗೆ ಒಪ್ಪಿಸಿ, ಅದು ಎಲ್ಲಿ ಹೋಯಿತೆಂದು ಕೇಳದೆ ವರ್ಷದ ಕೊನೆಗೆ ಬಂದ ಅಂಕೆಯನ್ನು ಮಾತ್ರ ನೋಡುವ ಗೃಹಸ್ಥರೂ ಅವರಲ್ಲಿ ಸೇರಿದ್ದಾರೆ. ದೀಪಾವಳಿಗೆ ಚಾಕೊಲೇಟಿನ ಪೆಟ್ಟಿಗೆಯನ್ನು ಕೊಳ್ಳುವಾಗ ಬೆಲೆಯನ್ನೂ ಹೊದಿಕೆಯನ್ನೂ ನೋಡುವವರೂ ಸೇರಿದ್ದಾರೆ. ಕಂಪೆನಿಗೆ ಅಂತಃಕರಣವಿಲ್ಲವೆಂದು ದೂರುವುದು ಸುಲಭ. ಅದಕ್ಕೆ ಎರವಲು ಕೊಡಬಹುದಾದ ಅಂತಃಕರಣವು ನಮ್ಮಂಥವರ ಬಳಿಯಲ್ಲಿಯೇ ಇದೆ. ಕ್ಯಾಡ್ಬರಿಗಳು ಕೊನೆಗೂ ಕೊಳ್ಳುವುದನ್ನು ನಿಲ್ಲಿಸಿದ್ದು ಯಾರೋ ಬಿಡದೆ ಕೇಳಿದ್ದರಿಂದ. ಕೇಳುವವರಿಲ್ಲದ ಊರಿನಲ್ಲಿ ಸತ್ಯವಂತನ ಬಳ್ಳವೂ ದಿನದಿನಕ್ಕೆ ಸವೆಯುತ್ತದೆ.